ಮುರುಗಲ ಮರ

ಮುಂಬಯಿಗೆ ಬಂದ ಹೊಸದರಲ್ಲಿ ಅಂಗಡಿಯಾತ ‘ಆಮಸೂಲ’ ಎಂದು ಕರಿಯ ಸಿಪ್ಪೆಗಳನ್ನು ತೂಗಿ ಕೊಟ್ಟಾಗ, ಇದು ಯಾವ ದೇಶದ ಹುಳಿಯಪ್ಪಾ ಎಂದು ನಾವು ಮೂಗಿನ ಬಳಿ ಹಿಡಿದು ನೋಡಿದ್ದುಂಟು. ಕೂಡಲೇ ಊರಿನ ಅಟ್ಟ ನೆನಪಾಯಿತು. ಇದು ನಮ್ಮ ಮುರುಗಲೇ! ಶಿರಸಿಯ ಕಡೆಯವರಿಗೆ ಮುರುಗಲು, ಮಂಗಳೂರಿನವರಿಗೆ ಪುನರ್ಪುಳಿ, ಮರಾಠಿಗರಿಗೆ ಕೋಕಂ. ಆಯುರ್ವೇದದವರು ಇದನ್ನೇ ವೃಕ್ಷಾಮ್ಲ ಎಂದರು. ಸಂಘದ ಊಟದಲ್ಲಿ ಸೋಲ್‌ಕಢಿಯ ಲೋಟ ಎತ್ತುವ ನಾವೆಲ್ಲರೂ ಒಂದೇ ಮರದ ನೆಂಟರು.

ಪಶ್ಚಿಮ ಘಟ್ಟವೂ ಅದರ ಕೆಳಗಿನ ಕರಾವಳಿಯೂ ಈ ಮರದ ತವರು. ಬಾಗಿದ ಕೊಂಬೆಗಳಿಂದ ದೂರಕ್ಕೆ ಗೋಪುರದಂತೆ ಕಾಣುವ ನಿತ್ಯಹಸುರಿನ ಮರ. ಚಿಗುರು ಮಾತ್ರ ಕೆಂಪು. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣು. ಆಮೇಲೆ ಮಳೆಯೊಡನೆ ಪಂದ್ಯ: ಮೋಡ ಕವಿದರೆ ಅಂಗಳದ ಸಿಪ್ಪೆ ಒಣಗುವುದಿಲ್ಲ, ಬೂಸಲು ಹಿಡಿಯುತ್ತದೆ.

ಬೇಸಗೆಯಲ್ಲಿ ಮೈಮೇಲೆ ಪಿತ್ತದ ಗಂಧೆ ಎದ್ದರೆ ನಮ್ಮ ಅಜ್ಜಿ ವೈದ್ಯರನ್ನು ಕರೆಸುತ್ತಿರಲಿಲ್ಲ. ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ ಹಿಂಡಿ, ಜೀರಿಗೆ ಬೆರೆಸಿ ಕುಡಿಸುವರು. ಉಳಿದ ರಸವನ್ನು ಮೈಗೆ ಸವರುವರು. ಉರಿ ತಣಿಯುತ್ತಿತ್ತು, ಬಟ್ಟೆ ಕೆಂಪಾಗುತ್ತಿತ್ತು. ಬೀಜವನ್ನೂ ಎಸೆಯುವಂತಿಲ್ಲ. ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಆರಿದಾಗ ಗಟ್ಟಿಯಾಗುವ ಅದೇ ಮುರುಗಲ ತುಪ್ಪ. ಒಡೆದ ಹಿಮ್ಮಡಿಗೆ ಅದನ್ನು ಕರಗಿಸಿ ಹಚ್ಚಿಕೊಂಡು ಮಲಗುವುದು ಮಲೆನಾಡಿನ ಹೆಂಗಸರ ವಾಡಿಕೆ. ಇಂದು ಇದೇ ತುಪ್ಪ ಸೌಂದರ್ಯಸಾಧನಗಳ ಡಬ್ಬಿಗಳಲ್ಲಿ ಬೇರೆ ಬೆಲೆಗೆ ಮಾರಾಟವಾಗುತ್ತಿದೆ.

ಈ ಜಾತಿಯ ಹಣ್ಣಿನ ಹುಳಿಯಿಂದ ಮೈ ಇಳಿಯುವುದೆಂದು ಮಾತ್ರೆ ನುಂಗುವವರಿಗೆ ಮಾತ್ರ ಒಂದು ಮಾತು: ಅಂಥ ಮಾತ್ರೆಗಳಿಂದ ಯಕೃತ್ತು ಕೆಟ್ಟ ವರದಿಗಳಿವೆ. ಸಾರು ಬೇರೆ, ಸಾರ ತೆಗೆದ ಮಾತ್ರೆ ಬೇರೆ. ಆ ಮಾತ್ರೆಗಳ ಹುಚ್ಚು ಕಾಡನ್ನೂ ತಟ್ಟಿತು. 1990ರ ದಶಕದಲ್ಲಿ ಮುರುಗಲಿನ ದಾಯಾದಿ ಉಪ್ಪಾಗೆಗೆ ಹೊರದೇಶದಿಂದ ಬೇಡಿಕೆ ಬಂದಾಗ, ಉತ್ತರ ಕನ್ನಡದಲ್ಲಿ ಇನ್ನೊಬ್ಬರು ಕೊಯ್ಯುವ ಮೊದಲೇ ಕೊಯ್ಯಬೇಕೆಂದು ಮಾಗದ ಕಾಯಿಗಾಗಿ ಕೊಂಬೆಗಳನ್ನೇ ಕಡಿದರು. ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಆದುದರಿಂದ ಅದನ್ನು ಒಣಗಿಸುವ ಒಲೆಗೆ ಬೇರೆ ಮರಗಳೂ ಬಲಿಯಾದವು.

ಆದರೆ ಮುರುಗಲಿಗೆ ಮನೆಯವರಿಂದಲೂ ಅಪಾಯವುಂಟು. ಇದರಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಬಂದ ಗಿಡಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡೇ. ಹೂ ಬಿಡುವವರೆಗೆ ಗುರುತು ಸಿಗದು. ನಮ್ಮ ದೊಡ್ಡಪ್ಪ ಎಂಟು ವರ್ಷ ಕಾದು, ಹೂ ಬಿಟ್ಟೂ ಒಂದು ಹಣ್ಣು ಕಾಣದೆ, “ಗೊಡ್ಡು ಮರ” ಎಂದು ಬೈದು ಕಡಿಸಿ ಒಲೆಗೆ ಹಾಕಿದರು. ಅದು ಗೊಡ್ಡಲ್ಲ, ಗಂಡು. ನೆರೆಯ ಹೂಗಳಿಗೆ ಪರಾಗ ಕೊಡುವ ಮರ ಎಂಬುದು ನಮ್ಮ ಮನೆಯಲ್ಲಿ ಆಗ ಯಾರಿಗೂ ಹೊಳೆಯಲಿಲ್ಲ. ಬಚ್ಚಲ ಒಲೆಗೆ ಆ ಸೌದೆ ತುಂಬಿದವರಲ್ಲಿ ನಾವೂ ಒಬ್ಬರು.

ಬೇಸಗೆ ರಜೆಗೆ ಊರಿಗೆ ಹೋಗುವವರು ಬೀಜವನ್ನು ಒಣಗಿಸಿ ಇಲ್ಲಿಗೆ ತರಬೇಡಿ. ಅದರ ಮೊಳೆಯುವ ಶಕ್ತಿ ಬೇಗ ಹೋಗುತ್ತದೆ. ಸಿಪ್ಪೆ ಬಿಡಿಸಿದ ದಿನವೇ ಹಿತ್ತಲಲ್ಲಿ ಊರಿ ಬನ್ನಿ. ಬೇಗ ಹಣ್ಣು ಬೇಕೆಂದರೆ ಹೆಣ್ಣು ಮರದ ಕಸಿ ಗಿಡವನ್ನು ನೆಡಿ. ಬೇಲಿಯ ಮೂಲೆಯಲ್ಲಿ ಹಣ್ಣು ಬಿಡದ ಮುರುಗಲೊಂದು ನಿಂತಿದ್ದರೆ, ಕತ್ತಿ ಹಿಡಿದವರಿಗೆ ಅದನ್ನು ಬಿಡಲು ಹೇಳಿ.