‘ವಿವೇರಿಯಂ’: 9ನೇ ನಂಬರ್ ಮನೆಯಿಂದ ಬಿಡುಗಡೆ ಅಂದ್ರೆ ಏನು?

ಇವತ್ತಿನ ಸಿನಿಮಾ ‘ವಿವೇರಿಯಂ’. ಇದರಲ್ಲಿ ದೆವ್ವ ಇಲ್ಲ, ಕತ್ತಲೆ ಕೋಣೆ ಇಲ್ಲ, ಹಿಂದಿನಿಂದ ಬಂದು ಬೆಚ್ಚಿಬೀಳಿಸೋ ಮುಖಾನೂ ಇಲ್ಲ. ಇರೋದು ತಿಳಿಹಸಿರು ಬಣ್ಣದ ಮನೆಗಳು. ಸಾಲು ಸಾಲು ಮನೆಗಳು, ಎಲ್ಲಾ ಒಂದೇ ಥರ. ಆದ್ರೂ ಸಿನಿಮಾ ಮುಗಿದ ಮೇಲೆ ಎದೆ ಮೇಲೆ ಯಾರೋ ಕೂತ ಹಾಗೆ ಇರುತ್ತೆ. ಯಾಕೆ ಅಂತ ಬಿಡಿಸಿ ನೋಡೋಣ. ಪೂರ್ತಿ ಕಥೆ ಹೇಳ್ತೀನಿ, ಸ್ಪಾಯ್ಲರ್ ಬೇಡ ಅನ್ನೋರು ಇಲ್ಲೇ ನಿಲ್ಲಿಸಿ, ನೋಡ್ಕೊಂಡು ಬನ್ನಿ. ಒಂದೂವರೆ ಗಂಟೆ ಅಷ್ಟೆ.

ಮೊದಲು ಹಿನ್ನೆಲೆ. ನಿರ್ದೇಶಕ ಐರ್ಲೆಂಡ್‌ನ ಲೋರ್ಕನ್ ಫಿನ್ನೆಗನ್, ಚಿತ್ರಕಥೆ ಗ್ಯಾರೆಟ್ ಶ್ಯಾನ್ಲಿ ಅವರದ್ದು. 2019ರಲ್ಲಿ ಕಾನ್ ಚಿತ್ರೋತ್ಸವದ ಕ್ರಿಟಿಕ್ಸ್ ವೀಕ್‌ನಲ್ಲಿ ಮೊದಲ ಸಲ ತೋರಿಸಿದ್ರು. ಪ್ರೇಕ್ಷಕರಿಗೆ ಸಿಕ್ಕಿದ್ದು 2020ರ ಮಾರ್ಚ್‌ನಲ್ಲಿ, ಅಂದ್ರೆ ಲಾಕ್‌ಡೌನ್ ಶುರುವಾದ ಹೊತ್ತಲ್ಲಿ. ಮನೆಯಿಂದ ಹೊರಗೆ ಹೋಗೋಕಾಗದ ಜನ ಮನೆಯಿಂದ ಹೊರಗೆ ಹೋಗೋಕಾಗದವರ ಸಿನಿಮಾ ನೋಡಿದ್ರು.

ಕಥೆ ಇಷ್ಟು. ಜೆಮ್ಮಾ ಪ್ರೈಮರಿ ಸ್ಕೂಲ್ ಟೀಚರ್, ಅವಳ ಹುಡುಗ ಟಾಮ್ ತೋಟದ ಕೆಲಸ ಮಾಡೋನು. ಮನೆ ಹುಡುಕ್ತಾ ಒಂದು ರಿಯಲ್ ಎಸ್ಟೇಟ್ ಆಫೀಸಿಗೆ ಹೋಗ್ತಾರೆ. ಅಲ್ಲಿ ಮಾರ್ಟಿನ್ ಅನ್ನೋ ವಿಚಿತ್ರ ಏಜೆಂಟ್. ಅವನ ನಗು, ಮಾತು ಎಲ್ಲಾ ಎಲ್ಲೋ ನೋಡಿ ಕಲಿತಂಗಿದೆ. ಇಬ್ಬರಿಗೂ ಅಷ್ಟೇನೂ ಮನಸ್ಸಿಲ್ಲ, ಆದ್ರೆ ‘ಆಯ್ತು, ಸುಮ್ಮನೆ ನೋಡ್ಕೊಂಡು ಬರೋಣ’ ಅಂತ ಅವನ ಹಿಂದೆ ‘ಯಾಂಡರ್’ ಅನ್ನೋ ಬಡಾವಣೆಗೆ ಹೋಗ್ತಾರೆ. 9ನೇ ನಂಬರ್ ಮನೆ ತೋರಿಸ್ತಾ ಇದ್ದಂಗೇ ಮಾರ್ಟಿನ್ ಮಾಯ. ವಾಪಸ್ ಹೋಗೋಣ ಅಂತ ಕಾರ್ ಓಡಿಸಿದ್ರೆ ಸುತ್ತಿ ಸುತ್ತಿ ಅದೇ 9ನೇ ನಂಬರ್. ಪೆಟ್ರೋಲ್ ಮುಗಿಯುತ್ತೆ. ಟಾಮ್ ಚಾವಣಿ ಹತ್ತಿ ನೋಡಿದ್ರೆ ಕಣ್ಣು ಹಾಯೋವರೆಗೂ ಅವೇ ಮನೆಗಳು. ಮೇಲೆ ಮಕ್ಕಳು ಬಿಡಿಸಿದ ಚಿತ್ರದಂಥ ಮೋಡಗಳು. ಊಟ ಡಬ್ಬದಲ್ಲಿ ಬರುತ್ತೆ, ರುಚಿ ಮಾತ್ರ ಇಲ್ಲ. ಸಿಟ್ಟಲ್ಲಿ ಟಾಮ್ ಮನೆಗೆ ಬೆಂಕಿ ಹಚ್ತಾನೆ. ಆಮೇಲೆ ನೋಡಿದ್ರೆ ಮನೆ ಹಾಗೇ ನಿಂತಿದೆ, ಇನ್ನೊಂದು ಡಬ್ಬ ಬಂದಿದೆ. ಅದರಲ್ಲಿ ಒಂದು ಹಸುಗೂಸು. ಜೊತೆಗೆ ಒಂದು ಸೂಚನೆ: ಮಗುವನ್ನು ಬೆಳೆಸಿದ್ರೆ ನಿಮಗೆ ಬಿಡುಗಡೆ.

ಈ ಜಾಗದ ಐಡಿಯಾ ಎಲ್ಲಿಂದ ಬಂತು? ಅದಕ್ಕೆ ಐರ್ಲೆಂಡ್‌ನ ಲೆಕ್ಕ ಗೊತ್ತಿರಬೇಕು. 2008ಕ್ಕೆ ಮುಂಚೆ ಅಲ್ಲಿ ಬ್ಯಾಂಕುಗಳು ಕೇಳಿದವರಿಗೆಲ್ಲಾ ಸಾಲ ಕೊಟ್ಟವು, ಬಿಲ್ಡರ್‌ಗಳು ಊರಾಚೆ ಹೊಲದಲ್ಲೆಲ್ಲಾ ಮನೆ ಎಬ್ಬಿಸಿದ್ರು. ಆಮೇಲೆ ಮಾರ್ಕೆಟ್ ಕುಸಿದುಬಿತ್ತು. ಅರ್ಧಕ್ಕೆ ನಿಂತ, ಜನರಿಲ್ಲದ ಬಡಾವಣೆಗಳು ಉಳಿದವು. ಅವಕ್ಕೆ ಅಲ್ಲಿನ ಜನ ಇಟ್ಟ ಹೆಸರು ‘ಘೋಸ್ಟ್ ಎಸ್ಟೇಟ್’. 2010ರ ಸರ್ಕಾರಿ ಸಮೀಕ್ಷೆಯಲ್ಲಿ ಇಂಥವು 2,800ಕ್ಕೂ ಹೆಚ್ಚು ಲೆಕ್ಕಕ್ಕೆ ಸಿಕ್ಕವು. ಅದೇ ವರ್ಷ ಐರ್ಲೆಂಡ್ ಸರ್ಕಾರ ಐರೋಪ್ಯ ಒಕ್ಕೂಟ ಮತ್ತು ಐಎಂಎಫ್ ಮುಂದೆ ಕೈಚಾಚಬೇಕಾಯ್ತು. ಫಿನ್ನೆಗನ್ ಮತ್ತು ಶ್ಯಾನ್ಲಿ 2011ರಲ್ಲಿ ‘ಫಾಕ್ಸಸ್’ ಅನ್ನೋ ಕಿರುಚಿತ್ರ ಮಾಡಿದ್ದು ಇಂಥದೇ ಖಾಲಿ ಬಡಾವಣೆಯಲ್ಲಿ ಸಿಕ್ಕಿಕೊಂಡ ಜೋಡಿಯ ಮೇಲೆ. ‘ವಿವೇರಿಯಂ’ ಆ ಕಿರುಚಿತ್ರದ ಅಣ್ಣ ಇದ್ದಂಗೆ.

ಅದಕ್ಕೇ ತುಂಬಾ ಜನ ಇದನ್ನ ‘ಹೋಮ್ ಲೋನ್ ಹಾರರ್’ ಅಂತಾರೆ. ಮನೆ ಅಂದ್ರೆ ಬಲೆ, ಇಎಂಐ ಅಂದ್ರೆ ಜೈಲು. ಕೇಳೋಕೆ ಚೆನ್ನಾಗಿದೆ, ಆದ್ರೆ ನನಗೆ ಅದು ಅರ್ಧ ಮಾತ್ರ ಸರಿ ಅನ್ಸುತ್ತೆ. ಗಮನಿಸಿ ನೋಡಿ, ಇವರಿಬ್ಬರೂ ಎಲ್ಲೂ ಸೈನ್ ಹಾಕಿಲ್ಲ. ಒಂದು ರೂಪಾಯಿ ಅಡ್ವಾನ್ಸ್ ಕೊಟ್ಟಿಲ್ಲ. ಮನೆ ಫ್ರೀ, ಊಟ ಫ್ರೀ. ಸಾಲಕ್ಕಾದ್ರೂ ಒಂದು ಲೆಕ್ಕ ಇರುತ್ತೆ. 50 ಲಕ್ಷ ರೂಪಾಯಿ, 8.5% ಬಡ್ಡಿ, 20 ವರ್ಷ ಅಂದ್ರೆ ತಿಂಗಳಿಗೆ ಸುಮಾರು 43,400. ಒಟ್ಟು ಕಟ್ಟೋದು ಸುಮಾರು 1 ಕೋಟಿ 4 ಲಕ್ಷ. ಎದೆ ಧಸಕ್ ಅನ್ನುತ್ತೆ, ನಿಜ. ಆದ್ರೆ 240ನೇ ಕಂತು ಅಂತ ಒಂದಿದೆ, ಅವತ್ತು ಮುಗಿಯುತ್ತೆ. ಯಾಂಡರ್‌ನಲ್ಲಿ ಡಬ್ಬದ ಮೇಲಿರೋ ಷರತ್ತಿಗೆ ತಾರೀಖೇ ಇಲ್ಲ. ‘ಬಿಡುಗಡೆ’ ಅಂದ್ರೆ ಏನು ಅಂತಾನೂ ಬರೆದಿಲ್ಲ. ಅವರು ಕೇಳೋದೂ ಇಲ್ಲ, ಕೇಳೋಕೆ ಅಲ್ಲಿ ಯಾರೂ ಇಲ್ಲ.

ನಿಜವಾದ ಕೀಲಿಕೈ ಸಿನಿಮಾದ ಮೊದಲ ದೃಶ್ಯದಲ್ಲೇ ಇದೆ. ಟೈಟಲ್ ಬರೋ ಹೊತ್ತಲ್ಲಿ ಒಂದು ಕುಕೂ ಮರಿ ಬೇರೆ ಹಕ್ಕಿಯ ಮರಿಗಳನ್ನ ಗೂಡಿಂದ ತಳ್ಳುತ್ತೆ. ಕುಕೂ ನಮ್ಮ ಕೋಗಿಲೆಯ ಬಳಗದ್ದೇ. ಕಾಗೆ ಗೂಡಲ್ಲಿ ಕೋಗಿಲೆ ಮೊಟ್ಟೆ ಇಡೋದು ನಮಗೆ ಗೊತ್ತಿರೋ ವಿಷಯ. ಆದ್ರೆ ಒಂದು ವ್ಯತ್ಯಾಸ ಇದೆ. ಕೋಗಿಲೆ ಮರಿ ಸಾಮಾನ್ಯವಾಗಿ ಕಾಗೆ ಮರಿಗಳನ್ನ ತಳ್ಳಲ್ಲ, ಜೊತೆಗೇ ಬೆಳೆಯುತ್ತೆ. ಯೂರೋಪಿನ ಕುಕೂ ಮರಿ ಹಾಗಲ್ಲ. ಇನ್ನೂ ಕಣ್ಣು ಬಿಟ್ಟಿರಲ್ಲ, ಮೈಮೇಲೆ ಪುಕ್ಕ ಬಂದಿರಲ್ಲ, ಆಗಲೇ ಪಕ್ಕದ ಮೊಟ್ಟೆಗಳನ್ನ ಬೆನ್ನ ಮೇಲೆ ಹೊತ್ತು ಹೊರಗೆ ಹಾಕುತ್ತೆ. ಆಮೇಲೆ ಒಂದೇ ಮರಿ ಇಡೀ ಗೂಡಿನ ಮರಿಗಳು ಕೂಗಿದಷ್ಟು ಕೂಗುತ್ತೆ. ಆ ಸದ್ದಿಗೇ ಸಾಕು ತಾಯಿ ದಣಿದುಹೋಗೋವರೆಗೂ ಗುಟುಕು ತರ್ತಾನೇ ಇರುತ್ತೆ.

ಈಗ ಸಿನಿಮಾದ ಹುಡುಗನ್ನ ನೋಡಿ. 98 ದಿನಕ್ಕೆ ಏಳೆಂಟು ವರ್ಷದವನಷ್ಟು ಬೆಳೆದುಬಿಟ್ಟಿದ್ದಾನೆ. ಹಸಿವಾದ್ರೆ ಬಟ್ಟಲು ತುಂಬೋವರೆಗೂ ಕಿರುಚ್ತಾನೆ. ಟಾಮ್ ದನಿ, ಜೆಮ್ಮಾ ದನಿ ಎರಡನ್ನೂ ಅನುಕರಿಸ್ತಾನೆ. ಟಾಮ್ ಒಮ್ಮೆ ಅವನನ್ನ ಕಾರಲ್ಲಿ ಕೂಡಿಹಾಕಿ ಸಾಯಲಿ ಅಂತ ಬಿಡ್ತಾನೆ. ಜೆಮ್ಮಾಗೆ ತಡೆಯೋಕಾಗಲ್ಲ, ಬಾಗಿಲು ತೆಗೀತಾಳೆ. ನಿಮ್ಮ ಮನೇಲಿ ಯಾರೇ ಇದ್ರೂ ಅದನ್ನೇ ಮಾಡ್ತಿದ್ರು. ಯಾಂಡರ್ ನಡೆಯೋದು ಇದರ ಮೇಲೇ. ಅಲ್ಲಿ ಕಾವಲುಗಾರ ಬೇಕಾಗಿಲ್ಲ, ಜೆಮ್ಮಾಳ ಕರುಣೆಯೇ ಬೀಗ.

ಟಾಮ್‌ಗೆ ಬೀಗ ಬೇರೆ, ಅದು ಕೆಲಸ. ಮನೆ ಮುಂದಿನ ಹುಲ್ಲು ಸುಟ್ಟ ಜಾಗದಲ್ಲಿ ವಿಚಿತ್ರ ಮಣ್ಣು ಕಾಣಿಸುತ್ತೆ, ಅಗೆಯೋಕೆ ಶುರು ಮಾಡ್ತಾನೆ. ಬೆಳಗ್ಗೆ ಎದ್ದು ಗುಂಡಿಗೆ, ರಾತ್ರಿ ಮನೆಗೆ. ಜೆಮ್ಮಾ ಜೊತೆ ಮಾತೂ ನಿಲ್ಲುತ್ತೆ. ಕೆಳಗೆ ದಾರಿ ಇರಬಹುದು ಅನ್ನೋ ನಂಬಿಕೆ. ಕೊನೆಗೆ ಸಿಗೋದು ಒಂದು ಹೆಣ. ತನ್ನ ಗುಂಡಿ ತಾನೇ ತೋಡಿಕೊಳ್ಳೋದು ಅಂತೀವಲ್ಲ, ಸಿನಿಮಾ ಅದನ್ನ ಅಕ್ಷರಶಃ ತೋರಿಸುತ್ತೆ. ಟಾಮ್ ಕಾಯಿಲೆ ಬಿದ್ದು ಸಾಯ್ತಾನೆ, ಅವನನ್ನ ಹಾಕೋದು ಅದೇ ಗುಂಡಿಗೆ. ಸ್ವಲ್ಪದರಲ್ಲೇ ಜೆಮ್ಮಾನೂ ಅಲ್ಲಿಗೇ. ಬಿಡುಗಡೆ ಅಂದ್ರೆ ಏನು ಅಂತ ಆಗ ಗೊತ್ತಾಗುತ್ತೆ.

ಹಾಗಾದ್ರೆ ಇದರಿಂದ ಲಾಭ ಯಾರಿಗೆ? ಕಾಮರ್ಸ್ ಓದಿದವರು ಮೊದಲು ಕೇಳೋ ಪ್ರಶ್ನೆ ಇದು. ಎಂಡಿಂಗ್ ನೆನಪು ಮಾಡ್ಕೊಳ್ಳಿ. ಬೆಳೆದು ದೊಡ್ಡವನಾದ ಹುಡುಗ ಕಾರ್ ತಗೊಂಡು ಅದೇ ಆಫೀಸಿಗೆ ಹೋಗ್ತಾನೆ. ಮಾರ್ಟಿನ್ ಅಷ್ಟರಲ್ಲೇ ಮುದುಕನಾಗಿ ಕುರ್ಚಿಯಲ್ಲೇ ಪ್ರಾಣ ಬಿಡ್ತಿದ್ದಾನೆ. ಹುಡುಗ ಅವನ ಹೆಸರಿನ ಬ್ಯಾಡ್ಜ್ ತಗೊಂಡು ಹಾಕ್ಕೊಳ್ತಾನೆ, ಹೆಣವನ್ನ ಫೈಲ್ ಇಟ್ಟಂಗೆ ಡ್ರಾಯರ್‌ಗೆ ತಳ್ತಾನೆ. ಹೊಸ ಜೋಡಿ ಒಳಗೆ ಬರುತ್ತೆ. ಅಂದ್ರೆ ಬಲೆ ಬೀಸಿದವನಿಗೂ ಏನೂ ಸಿಗಲಿಲ್ಲ. ಒಂದು ಕುರ್ಚಿ, ಒಂದು ಬ್ಯಾಡ್ಜ್, ಒಂದು ಡ್ರಾಯರ್. ಸಿನಿಮಾದ ಅತಿ ಭಯಂಕರ ಭಾಗ ನನಗೆ ಇದೇ. ವಿಲನ್ ಇದ್ದಿದ್ರೆ ಬೈಬಹುದಿತ್ತು. ಇಲ್ಲಿ ಎಲ್ಲರೂ ಮುಂದಿನವನನ್ನ ತಯಾರು ಮಾಡಿ ಖರ್ಚಾಗಿಹೋಗ್ತಾರೆ, ಯಾಕೆ ಅಂತ ಯಾರೂ ಕೇಳಲ್ಲ.

ಹಾಗಂತ ಈ ಸಿನಿಮಾ ಮನೆ ತಗೋಬೇಡಿ, ಮಕ್ಕಳು ಮಾಡ್ಕೋಬೇಡಿ ಅಂತ ಹೇಳ್ತಿಲ್ಲ. ಮಧ್ಯದಲ್ಲಿ ಒಂದು ದೃಶ್ಯ ಇದೆ, ಟಾಮ್ ಮತ್ತು ಜೆಮ್ಮಾ ಕಾರಿನ ಸ್ಟೀರಿಯೋ ಹಾಕಿ, ಹೆಡ್‌ಲೈಟ್ ಬೆಳಕಲ್ಲಿ ಕುಣೀತಾರೆ. ಎರಡು ನಿಮಿಷ ಅಷ್ಟೆ, ಆದ್ರೆ ಆ ಜಾಗಕ್ಕೆ ಸೇರದ ಒಂದೇ ಒಂದು ವಸ್ತು ಅದು. ಇನ್ನೊಂದು ಜೆಮ್ಮಾಳ ಹಟ. ಹುಡುಗ ಎಷ್ಟು ಸಲ ‘ಅಮ್ಮ’ ಅಂದ್ರೂ ಸಾಯೋವರೆಗೂ ‘ನಾನು ನಿನ್ನ ಅಮ್ಮ ಅಲ್ಲ’ ಅಂತಾನೇ ಹೇಳ್ತಾಳೆ. ಹೊರಗೆ ಹೋಗೋಕೆ ಆಗಲಿಲ್ಲ, ಆದ್ರೆ ಅವರು ಕೊಟ್ಟ ಪಾತ್ರವನ್ನ ತನ್ನದು ಅಂತ ಒಪ್ಪಲಿಲ್ಲ.

‘ಇದೊಂದು ಮುಗಿದ್ರೆ ಆಮೇಲೆ ಫ್ರೀ’ ಅಂತ ನಾವೂ ದಿನಾ ಹೇಳ್ತೀವಿ. ಈ ಪ್ರಾಜೆಕ್ಟ್, ಈ ಪ್ರಮೋಷನ್, ಈ ಲೋನ್. ಹೇಳೋವಾಗ ತಾರೀಖು ಯಾವುದು, ಮುಗಿದ ಮೇಲೆ ಏನು ಅಂತ ಒಂದ್ಸಲ ಕೇಳ್ಕೊಂಡ್ರೆ ಸಾಕು. ಸಿನಿಮಾ ಮತ್ತೆ ನೋಡೋದಾದ್ರೆ ಮೊದಲ ಐದು ನಿಮಿಷ ಹೆಡ್‌ಫೋನ್ ಹಾಕ್ಕೊಂಡು ನೋಡಿ. ಆ ಮರಿ ಕೂಗೋದನ್ನ ಕೇಳಿಸ್ಕೊಳ್ಳಿ, ಆಮೇಲೆ ಹುಡುಗನ ಕಿರುಚಾಟ ಬಂದಾಗ ಬೇರೆ ಥರ ಕೇಳಿಸುತ್ತೆ. ನಿಮ್ಮ ಓದು ಬೇರೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.