ಅಸಲು ಇಳಕಲ್ ಸೀರೆಯನ್ನು ಗುರುತಿಸುವ ಬಗೆ

ಬೆಲೆಯುಳ್ಳ ವಸ್ತುವಿಗೆ ನಕಲು ಹುಟ್ಟುವುದು ಹೊಸ ಸಂಗತಿಯೇನಲ್ಲ. ಸ್ವಿಟ್ಜರ್ಲೆಂಡಿನ ಹೆಸರಾಂತ ಕೈಗಡಿಯಾರಗಳಿಗೆ ನಕಲುಗಳಿವೆ. ಆ ನಕಲುಗಳನ್ನೇ ಕೊಂಡು ಕೂಡಿಡುವ ಹವ್ಯಾಸಿಗಳೂ ಇದ್ದಾರೆ. ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಗೂ ನಕಲುಗಳಿವೆ. ಗಡಿಯಾರಕ್ಕೂ ಸೀರೆಗೂ ಏನು ನಂಟು ಎಂದು ಓದುಗರು ಕೇಳಬಹುದು. ವಸ್ತುಗಳು ಬೇರೆಯಾದರೂ ಅವನ್ನು ಪರೀಕ್ಷಿಸುವ ನ್ಯಾಯ ಒಂದೇ. ಆ ನ್ಯಾಯವನ್ನು ಗಡಿಯಾರದಿಂದ ಕಲಿತು ಸೀರೆಗೆ ಅನ್ವಯಿಸಿ ನೋಡೋಣ.

ಗಡಿಯಾರ ಕಲಿಸುವ ಪಾಠ

ಒಂದು ದಿನಕ್ಕೆ ೮೬,೪೦೦ ಸೆಕೆಂಡುಗಳು. ಸ್ಪ್ರಿಂಗಿನ ಬಲದಿಂದ ನಡೆಯುವ ಕೈಗಡಿಯಾರಕ್ಕೆ ಸ್ವಿಟ್ಜರ್ಲೆಂಡಿನ ಅಧಿಕೃತ ಪರೀಕ್ಷಾ ಸಂಸ್ಥೆಯು 'ಕ್ರೋನೋಮೀಟರ್' ಎಂಬ ಪ್ರಮಾಣಪತ್ರ ಕೊಡಬೇಕಾದರೆ, ಅದು ಸರಾಸರಿಯಲ್ಲಿ ದಿನಕ್ಕೆ ೪ ಸೆಕೆಂಡಿಗಿಂತ ಹೆಚ್ಚು ಹಿಂದೆ ಬೀಳಬಾರದು. ೬ ಸೆಕೆಂಡಿಗಿಂತ ಹೆಚ್ಚು ಮುಂದೆ ಓಡಬಾರದು. ಲೋಹದ ಹಲ್ಲುಚಕ್ರಗಳಿಂದ ಇಷ್ಟು ನಿಖರತೆಯನ್ನು ಪಡೆಯುವುದು ಸಾಮಾನ್ಯ ಸಾಧನೆಯಲ್ಲ. ಆದರೆ ಅಗ್ಗದ ಕ್ವಾರ್ಟ್ಸ್ ಗಡಿಯಾರವೊಂದನ್ನು ನೋಡಿರಿ. ಅದರೊಳಗಿನ ಸ್ಫಟಿಕವು ಸೆಕೆಂಡಿಗೆ ೩೨,೭೬೮ ಸಲ ಕಂಪಿಸುತ್ತದೆ. ಅದರ ತಪ್ಪು ಸಾಮಾನ್ಯವಾಗಿ ತಿಂಗಳಿಗೆ ಸುಮಾರು ೧೫ ಸೆಕೆಂಡು ಮಾತ್ರ. ಅಂದಮೇಲೆ, ಸ್ಪ್ರಿಂಗಿನ ಗಡಿಯಾರದ ರೂಪವನ್ನು ಅನುಕರಿಸಿ ಒಳಗೆ ಕ್ವಾರ್ಟ್ಸ್ ಯಂತ್ರವನ್ನು ಇಟ್ಟ ನಕಲು, ಅಸಲಿಗಿಂತ ಸರಿಯಾದ ಹೊತ್ತನ್ನೇ ತೋರಿಸಬಹುದು!

ಹಾಗೆಂದು ಅದು ಅಸಲಾದೀತೆ? ಆಗಲಾರದು. ಇಲ್ಲಿ ನಾವು ಎರಡು ಪ್ರಶ್ನೆಗಳನ್ನು ಬೇರ್ಪಡಿಸಬೇಕು. 'ಈ ವಸ್ತು ಚೆನ್ನಾಗಿದೆಯೆ?' ಎಂಬುದು ಗುಣದ ಪ್ರಶ್ನೆ. 'ಹೇಳಿಕೊಂಡದ್ದು ಇದೇ ವಸ್ತುವೆ?' ಎಂಬುದು ಸಾಚಾತನದ ಪ್ರಶ್ನೆ. ಮೊದಲನೆಯ ಪ್ರಶ್ನೆಯ ಉತ್ತರದಿಂದ ಎರಡನೆಯದನ್ನು ತೀರ್ಮಾನಿಸಲಾಗದು. ಅದಕ್ಕಾಗಿಯೇ ಬಲ್ಲವರು ಗಡಿಯಾರದ ಮುಖವನ್ನಷ್ಟೇ ನೋಡದೆ ಬೆನ್ನಿನ ಮುಚ್ಚಳವನ್ನು ತೆರೆದು ಯಂತ್ರವನ್ನು ಪರಿಶೀಲಿಸುತ್ತಾರೆ. ನಕಲು ಮಾಡುವವನು ಕಣ್ಣಿಗೆ ಬೀಳುವ ಕಡೆ ಖರ್ಚು ಮಾಡುತ್ತಾನೆ. ಬೀಳದ ಕಡೆ ಉಳಿಸುತ್ತಾನೆ. ಪರೀಕ್ಷಕನು ನೋಡಬೇಕಾದದ್ದು ಆ ಎರಡನೆಯ ಕಡೆಯನ್ನು.

ಸೀರೆಯ ಒಳರಚನೆ

ಇಳಕಲ್ ಪಟ್ಟಣವು ಹಿಂದೆ ಹುನಗುಂದ ತಾಲ್ಲೂಕಿಗೆ ಸೇರಿತ್ತು. ಈಗ ಅದೇ ಒಂದು ತಾಲ್ಲೂಕಿನ ಕೇಂದ್ರ. ಅಲ್ಲಿನ ಸೀರೆಯ 'ಯಂತ್ರ' ಯಾವುದು?

ಬಟ್ಟೆಯಲ್ಲಿ ಉದ್ದಕ್ಕೆ ಸಾಗುವ ಎಳೆಗಳಿಗೆ ಹಾಸು ಎಂದೂ, ಲಾಳಿಯು ಅಡ್ಡಲಾಗಿ ಒಯ್ಯುವ ಎಳೆಗೆ ಹೊಕ್ಕು ಎಂದೂ ಹೆಸರು. ಸಾಮಾನ್ಯ ಸೀರೆಯಲ್ಲಿ ಹಾಸು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಖಂಡವಾಗಿರುತ್ತದೆ. ಇಳಕಲ್ ಸೀರೆಯ ವೈಶಿಷ್ಟ್ಯವಿರುವುದು ಇಲ್ಲಿಯೇ. ಒಡಲಿನ ಹಾಸು ಬೇರೆ. ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ, ರೇಷ್ಮೆ ಅಥವಾ ಕೃತಕ ರೇಷ್ಮೆ. ಸೆರಗಿಗೆ ರೇಷ್ಮೆ ಅಥವಾ ಕೃತಕ ರೇಷ್ಮೆ. ಒಡಲಿನ ಎಳೆಗಳ ಕುಣಿಕೆಯೊಳಗೆ ಸೆರಗಿನ ಎಳೆಗಳ ಕುಣಿಕೆಯನ್ನು ಕೊಂಡಿಯಂತೆ ಸಿಕ್ಕಿಸಿ, ಸೀರೆಯ ಅಗಲಕ್ಕೂ ಎಳೆ ಎಳೆಯಾಗಿ ಜೋಡಿಸುತ್ತಾರೆ. ಈ ಜೋಡಣೆಗೂ, ಕೆಂಪು ಬಿಳಿ ಪಟ್ಟೆಗಳ ಆ ಸೆರಗಿಗೂ ತೋಪುತೆನೆ ಎಂಬ ಹೆಸರು ರೂಢಿಯಲ್ಲಿದೆ. ಸೆರಗಿನ ಉದ್ದ ಸಾಮಾನ್ಯವಾಗಿ ೧೬ರಿಂದ ೨೭ ಅಂಗುಲ. ಇಷ್ಟು ಚಿಕ್ಕ ಭಾಗಕ್ಕಾಗಿ ಪ್ರತಿ ಸೀರೆಗೂ ಈ ಕೆಲಸವನ್ನು ಹೊಸದಾಗಿ ಮಾಡಬೇಕು.

ವಿದ್ಯುತ್ ಮಗ್ಗದ ಲಾಭವೆಲ್ಲ ಎಡೆಬಿಡದ ಓಟದಲ್ಲಿದೆ. ಅದರ ಉರುಳೆಗೆ ನೂರಾರು ಗಜಗಳ ಹಾಸನ್ನು ಒಮ್ಮೆಗೇ ಸುತ್ತಿರುತ್ತಾರೆ. ಸೀರೆ ಸೀರೆಗೂ ಯಂತ್ರವನ್ನು ನಿಲ್ಲಿಸಿ ಎಳೆಗಳನ್ನು ಕೈಯಿಂದ ಜೋಡಿಸುತ್ತ ಕುಳಿತರೆ ಆ ಲಾಭ ಉಳಿಯದು. ಆದುದರಿಂದ ನಕಲು ಸೀರೆಯಲ್ಲಿ ಒಡಲಿನ ಹಾಸೇ ಸೆರಗಿನಲ್ಲಿಯೂ ಮುಂದುವರಿಯುತ್ತದೆ. ಬದಲಾಗುವುದು ಹೊಕ್ಕು ಮಾತ್ರ.

ಮೂರು ಸಾಕ್ಷಿಗಳು

ಇದರಿಂದ ಮೊದಲನೆಯ ಪರೀಕ್ಷೆ ತಾನಾಗಿಯೇ ಹೊರಡುತ್ತದೆ. ಹಸಿರು ಒಡಲಿನ, ಕೆಂಪು ಸೆರಗಿನ ಸೀರೆಯನ್ನು ಕೈಗೆತ್ತಿಕೊಳ್ಳಿರಿ. ಸೆರಗಿನ ತುದಿಯಿಂದ ಉದ್ದದ ಎಳೆಯೊಂದನ್ನು ಬಿಡಿಸಿರಿ. ಅಸಲಾಗಿದ್ದರೆ ಅದು ಕೆಂಪು; ನಕಲಾಗಿದ್ದರೆ ಹಸಿರು. ಎಳೆ ಬಿಡಿಸದೆಯೂ ತಿಳಿಯಬಹುದು. ಅಸಲಿನಲ್ಲಿ ಕೆಂಪು ಹಾಸಿನ ಮೇಲೆ ಕೆಂಪು ಹೊಕ್ಕು ಬೀಳುವುದರಿಂದ ಬಣ್ಣ ಗಟ್ಟಿಯಾಗಿ ಕಾಣುತ್ತದೆ. ನಕಲಿನಲ್ಲಿ ಹಸಿರು ಕೆಂಪು ಬೆರೆತು ಮಂಕಾಗುತ್ತದೆ. ಸೆರಗನ್ನು ಬೆಳಕಿನಲ್ಲಿ ಓರೆಮಾಡಿದರೆ ಅಡಗಿದ ಹಸಿರು ಇಣುಕುತ್ತದೆ.

ಎರಡನೆಯ ಸಾಕ್ಷಿ ಜೋಡಣೆಯ ಗೆರೆ. ಒಡಲು ಮುಗಿದು ಸೆರಗು ತೊಡಗುವ ಎಡೆಯನ್ನು ಭೂತಕನ್ನಡಿಯಿಂದ ನೋಡಿದರೆ ಕುಣಿಕೆಗಳ ಸಾಲು ಕಾಣಸಿಗುತ್ತದೆ. ಸೆರಗನ್ನು ಪ್ರತ್ಯೇಕವಾಗಿ ಬಣ್ಣದಲ್ಲಿ ಅದ್ದಿ ಮೊದಲನೆಯ ಪರೀಕ್ಷೆಯನ್ನು ವಂಚಿಸಬಹುದು. ಈ ಸಾಲು ಮಾತ್ರ ಬಣ್ಣದಿಂದ ಹುಟ್ಟಲಾರದು.

ಮೂರನೆಯದು ದಡಿ. ಗಟ್ಟಿ ಬಣ್ಣದ ದಡಿಗಾಗಿ ನೇಕಾರನು ಮೂರು ಲಾಳಿಗಳನ್ನು ಬಳಸುತ್ತಾನೆ: ಒಡಲಿಗೊಂದು, ಎರಡು ದಡಿಗಳಿಗೆ ಒಂದೊಂದು. ಒಡಲಿನ ಹೊಕ್ಕು ದಡಿಯ ಅಂಚಿನಲ್ಲಿ ದಡಿಯ ಹೊಕ್ಕಿನೊಡನೆ ಕೊಂಡಿಹಾಕಿಕೊಂಡು ಹಿಂದಿರುಗುತ್ತದೆ. ಒಂದೇ ಲಾಳಿ ಅಂಚಿನಿಂದ ಅಂಚಿಗೆ ಓಡಿದರೆ ಒಡಲಿನ ಬಣ್ಣವೂ ದಡಿಯೊಳಗೆ ನುಗ್ಗುತ್ತದೆ.

ನೂಲಿನ ಪರೀಕ್ಷೆ

ರಚನೆಯ ಬಳಿಕ ನೂಲು. ಅಂಚಿನಲ್ಲಿ ಸಡಿಲವಾಗಿರುವ ಎರಡು ಮೂರು ಎಳೆಗಳು ಸಾಕು. ಹಿರಿಯರ ಸಮ್ಮುಖದಲ್ಲಿ, ಹತ್ತಿರ ನೀರಿನ ಬಟ್ಟಲನ್ನಿಟ್ಟುಕೊಂಡು, ಎಳೆಗಳನ್ನು ಚಿಮಟದಿಂದ ಹಿಡಿದು ಉರಿಗೆ ತೋರಿಸಬೇಕು. ರೇಷ್ಮೆ ಪ್ರೋಟೀನು; ನಮ್ಮ ಕೂದಲೂ ಪ್ರೋಟೀನು. ಆದುದರಿಂದ ರೇಷ್ಮೆಯು ಕೂದಲು ಸುಟ್ಟ ವಾಸನೆಯನ್ನು ಕೊಟ್ಟು, ಉರಿಯಿಂದ ತೆಗೆದೊಡನೆ ಆರತೊಡಗಿ, ಬೆರಳಲ್ಲಿ ಪುಡಿಯಾಗುವ ಕರಿಯನ್ನು ಉಳಿಸುತ್ತದೆ. ಹತ್ತಿ ಸೆಲ್ಯುಲೋಸು, ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ಪಾಲಿಯೆಸ್ಟರ್ ಕರಗಿ, ತಣಿದ ಮೇಲೆ ಗಟ್ಟಿಯಾದ ಮಣಿಯಾಗುತ್ತದೆ.

ರೇಯಾನ್ ಎಂಬ ಕೃತಕ ರೇಷ್ಮೆಯೂ ಸೆಲ್ಯುಲೋಸೇ ಆದುದರಿಂದ ಉರಿಯಲ್ಲಿ ಹತ್ತಿಯಂತೆಯೇ ವರ್ತಿಸುತ್ತದೆ. ಇವೆರಡನ್ನು ಬೇರ್ಪಡಿಸಲು ನೀರೇ ಸಾಕು. ಎಳೆಯ ನಡುವೆ ಒಂದು ಹನಿ ನೀರು ಸೋಕಿಸಿ ಎರಡೂ ತುದಿಗಳನ್ನು ಎಳೆಯಿರಿ. ನೆನೆದಾಗ ರೇಯಾನಿನ ಬಲ ಬಹಳ ಕುಗ್ಗುವುದರಿಂದ ಅದು ಒದ್ದೆಯಾದಲ್ಲಿಯೇ ಹರಿಯುತ್ತದೆ. ಹತ್ತಿಯ ಬಲ ನೆನೆದಾಗ ಹೆಚ್ಚುವುದರಿಂದ ಅದು ಸಾಮಾನ್ಯವಾಗಿ ಒಣಗಿದ ಕಡೆ ಹರಿಯುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. ಕೃತಕ ರೇಷ್ಮೆ ಕಂಡ ಮಾತ್ರಕ್ಕೆ ಸೀರೆ ನಕಲಲ್ಲ. ಇಳಕಲ್ ನೇಕಾರರೇ ಅದನ್ನು ಬಳಸುವುದುಂಟು. ರೇಷ್ಮೆ ಎಂದು ಹೇಳಿ ರೇಯಾನನ್ನು ಕೊಟ್ಟರೆ ಅದು ಮೋಸ.

ನಂಬಲಾಗದ ಪರೀಕ್ಷೆಗಳು

ಸೀರೆಯನ್ನು ಉಂಗುರದಲ್ಲಿ ತೂರಿಸಿ ತೋರಿಸುವವರುಂಟು. ಬಟ್ಟೆ ತೆಳುವಾಗಿದೆ ಎಂಬುದನ್ನು ಮಾತ್ರ ಅದು ಸಾಧಿಸುತ್ತದೆ. ಅಂಚಿನ ಸೂಜಿರಂಧ್ರಗಳನ್ನು ಕೈಮಗ್ಗದ ಗುರುತೆಂದು ಹೇಳುವರು. ಬಟ್ಟೆಯ ಅಗಲವನ್ನು ಬಿಗಿಹಿಡಿಯುವ ಮುಳ್ಳಿನ ಸಾಧನ ವಿದ್ಯುತ್ ಮಗ್ಗದಲ್ಲಿಯೂ ಇರುವುದರಿಂದ ಅಂತಹ ರಂಧ್ರಗಳು ಅಲ್ಲಿಯೂ ಬೀಳಬಹುದು. ನೇಯ್ಗೆಯಲ್ಲಿ ಚಿಕ್ಕಪುಟ್ಟ ದೋಷಗಳಿದ್ದರೆ ಕೈಮಗ್ಗದ್ದೆನ್ನುವುದೂ ಸಲ್ಲದು. ನುರಿತ ಕೈಯಲ್ಲಿ ದೋಷಗಳು ವಿರಳ.

ಮುದ್ರೆಗಳನ್ನೂ ವಿವೇಚಿಸಿ ಓದಬೇಕು. ೨೦೦೪ರಲ್ಲಿ ಬಂದ 'ಸಿಲ್ಕ್ ಮಾರ್ಕ್' ರೇಷ್ಮೆ ಶುದ್ಧವೆಂದು ಹೇಳುತ್ತದೆ. ಯಾವ ಮಗ್ಗದ್ದೆಂದು ಹೇಳುವುದಿಲ್ಲ. ೨೦೦೬ರ 'ಹ್ಯಾಂಡ್‌ಲೂಮ್ ಮಾರ್ಕ್' ಕೈಮಗ್ಗದ್ದೆಂದು ಹೇಳುತ್ತದೆ. ಯಾವ ಊರಿನ ಪದ್ಧತಿಯೆಂದು ಹೇಳುವುದಿಲ್ಲ. ಊರಿಗೂ ಹೆಸರಿಗೂ ರಕ್ಷಣೆ ಕೊಡುವುದು ಭೌಗೋಳಿಕ ಸೂಚಕಗಳ ಕಾಯಿದೆ. ೧೯೯೯ರಲ್ಲಿ ಅಂಗೀಕೃತವಾಗಿ ೨೦೦೩ರಲ್ಲಿ ಜಾರಿಗೆ ಬಂದ ಈ ಕಾಯಿದೆಯಡಿ ಇಳಕಲ್ ಸೀರೆಯ ಹೆಸರು ನೋಂದಣಿಯಾಗಿದೆ. ಈ ಸೀರೆಗೆ ಜೊತೆಯಾಗುವ ಗುಳೇದಗುಡ್ಡದ ಖಣಕ್ಕೂ ಇದೇ ಮಾನ್ಯತೆಯುಂಟು.

ಪರೀಕ್ಷೆಯ ಪ್ರಯೋಜನ

ಇಷ್ಟೆಲ್ಲ ಏಕೆ? ನಕಲು ಸೀರೆ ನೋಡಲು ಚೆಂದವಾಗಿರಬಹುದು. ಪಾಲಿಯೆಸ್ಟರ್ ಆದರೆ ಒಗೆಯಲು ಹಗುರ, ಬೇಗ ಒಣಗುತ್ತದೆ, ಬಹುಕಾಲ ಬಾಳುತ್ತದೆ. ಕ್ವಾರ್ಟ್ಸ್ ಗಡಿಯಾರದಂತೆ ಅದಕ್ಕೂ ತನ್ನದೇ ಆದ ಗುಣವುಂಟು. ತನ್ನ ಹೆಸರಿನಲ್ಲಿ, ತನ್ನ ಬೆಲೆಗೆ ಮಾರಾಟವಾದರೆ ಅದನ್ನು ಆಕ್ಷೇಪಿಸಲು ಕಾರಣವಿಲ್ಲ. ಆದರೆ ಅದು 'ಇಳಕಲ್' ಎಂಬ ಹೆಸರಿನಲ್ಲಿ ಅಂಗಡಿಗೆ ಬಂದಾಗ ಕೊಳ್ಳುವವರು ಎರಡು ಬೆಲೆಗಳನ್ನು ಹೋಲಿಸುತ್ತಾರೆ. ಎರಡು ರಚನೆಗಳನ್ನು ಹೋಲಿಸುವುದಿಲ್ಲ. ಎಳೆ ಎಳೆಯನ್ನು ಜೋಡಿಸಿದ ಮನೆಯವರ ದುಡಿಮೆಗೆ ಆಗ ಬೆಲೆ ದೊರೆಯದು. ಕೂಲಿ ಗಿಟ್ಟದ ಮಗ್ಗವನ್ನು ಮಕ್ಕಳು ಮುಂದುವರಿಸುವರೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಬಾಗಲಕೋಟೆಯಲ್ಲಾಗಲಿ ಬಾದಾಮಿಯಲ್ಲಾಗಲಿ, ಮುಂದಿನ ಸಲ ಮನೆಯವರೊಡನೆ ಸೀರೆಯ ಅಂಗಡಿಗೆ ಹೋದಾಗ ವಿದ್ಯಾರ್ಥಿಗಳು ಒಂದು ಭೂತಕನ್ನಡಿಯನ್ನು ಜೊತೆಗೊಯ್ಯಲಿ. ಒಡಲೂ ಸೆರಗೂ ಕೂಡುವ ಗೆರೆಯನ್ನು ತೋರಿಸೆಂದು ಅಂಗಡಿಯವರನ್ನು ವಿನಯದಿಂದ ಕೇಳಲಿ. ಅಸಲನ್ನು ಮಾರುವವರಿಗೆ ಅದನ್ನು ತೋರಿಸಲು ಸಂತೋಷವೇ ಆಗುತ್ತದೆ.