ಓಜಿಮಾಂಡಿಯಸ್‌ನ ಮಾತು ನಮ್ಮವರೆಗೆ ಬರುವ ದಾರಿ

ಶೆಲ್ಲಿಯ ‘ಓಜಿಮಾಂಡಿಯಸ್’ ಹದಿನಾಲ್ಕೇ ಸಾಲಿನ ಸುನೀತ. ಅಧಿಕಾರ ಶಾಶ್ವತವಲ್ಲ ಎಂಬ ಮಾತು ಅದರಲ್ಲಿ ಎಲ್ಲೂ ಬರುವುದಿಲ್ಲ. ಆದರೂ ಓದಿದವರ ಮನಸ್ಸಿಗೆ ಅದೇ ನಾಟುತ್ತದೆ. ಅದು ಹೇಗೆಂದು ತಿಳಿಯಲು, ಕವಿತೆಯಲ್ಲಿ ಯಾರ‍್ಯಾರು ಮಾತಾಡುತ್ತಾರೆ ಎಂದು ಎಣಿಸುತ್ತ ಓದಬೇಕು.

ಮೊದಲು ‘ನಾನು’ ಎನ್ನುವವನೊಬ್ಬ. ಎರಡನೇ ಸಾಲಿಗೇ ಅವನು ಪ್ರಯಾಣಿಕನೊಬ್ಬನಿಗೆ ಮಾತು ಬಿಟ್ಟುಕೊಡುತ್ತಾನೆ. ಪ್ರಯಾಣಿಕ ಕಂಡದ್ದು ಮುಂಡವಿಲ್ಲದ ಎರಡು ಕಲ್ಲಿನ ಕಾಲು, ಮರಳಿನಲ್ಲಿ ಅರ್ಧ ಹೂತ ಮುಖ, ಪೀಠದ ಮೇಲೊಂದು ಬರಹ. ಆ ಬರಹ ಮಾತ್ರ ರಾಜನದು. ಒಂದು ಕಾಲಕ್ಕೆ ನೇರ ಅಪ್ಪಣೆಯಾಗಿದ್ದ ಮಾತು ಈಗ ಯಾರೋ ಹೇಳಿದ್ದನ್ನು ಇನ್ಯಾರೋ ಕೇಳಿದ ಸುದ್ದಿಯಾಗಿದೆ. ಅವನ ಹೆಸರೂ ಹಾಗೆಯೇ. ಕ್ರಿ.ಪೂ. 13ನೇ ಶತಮಾನದಲ್ಲಿ ಸುಮಾರು 66 ವರ್ಷ ಈಜಿಪ್ಟ್ ಆಳಿದ ಎರಡನೇ ರಾಮ್ಸೆಸ್‌ನ ಪಟ್ಟದ ಹೆಸರು ಗ್ರೀಕರ ನಾಲಗೆಯಲ್ಲಿ ಓಜಿಮಾಂಡಿಯಸ್ ಆಯಿತು.

ಒಡೆದ ಮುಖದ ಹತ್ತಿರ ಸ್ವಲ್ಪ ನಿಲ್ಲಬೇಕು. ಹುಬ್ಬು ಗಂಟಿಕ್ಕಿದೆ, ತುಟಿ ತಿರಸ್ಕಾರದಲ್ಲಿ ಕೊಂಕಿದೆ. ರಾಜನ ಒಳಗನ್ನು ಶಿಲ್ಪಿ ಕಂಡು ಕಲ್ಲಿಗಿಳಿಸಿದ್ದಾನೆ. ಅಪ್ಪಣೆ ಕೊಟ್ಟವನ ಸಾಮ್ರಾಜ್ಯ ಹೋದ ಮೇಲೂ, ಹೇಳಿದ ಕೆಲಸ ಮಾಡಿದವನ ಕಣ್ಣಿಗೆ ಬಿದ್ದದ್ದು ಉಳಿದಿದೆ. ನನಗೆ ಕವಿತೆಯ ಜೀವ ಇರುವುದು ಇಲ್ಲಿ. ಆದರೆ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ರಾಮ್ಸೆಸ್‌ನ ಬೃಹತ್ ಶಿರ ಮೆಲ್ಲಗೆ ನಗುತ್ತದೆ. ಏಳು ಟನ್ನಿಗೂ ಮಿಕ್ಕಿದ ಆ ಕಲ್ಲನ್ನು ಇಟಲಿಯ ಅನ್ವೇಷಕ ಬೆಲ್ಜೋನಿ 1816ರಲ್ಲಿ ಥೀಬ್ಸ್‌ನಿಂದ ನೈಲ್ ದಡಕ್ಕೆ ಎಳೆಸಿದ. ಕವಿತೆ ಬರೆಯುವಾಗ ಶೆಲ್ಲಿ ಅದನ್ನು ನೋಡಿರಲಿಲ್ಲ. ಆ ಕೊಂಕು ತುಟಿ ಅವನದೇ ಕಲ್ಪನೆ.

ಪೀಠದ ಬರಹವನ್ನೂ ಅವನು ತಿದ್ದಿದ್ದಾನೆ. ಗ್ರೀಕ್ ಇತಿಹಾಸಕಾರ ಡಯೊಡೋರಸ್ ದಾಖಲಿಸಿದ್ದು ಒಂದು ಸವಾಲನ್ನು: ನನ್ನ ಹಿರಿಮೆ ತಿಳಿಯಬೇಕೆನ್ನುವವನು ನನ್ನ ಕೆಲಸವನ್ನು ಮೀರಿಸಲಿ ಎಂದು. ಶೆಲ್ಲಿಯ ರಾಜ ಬಲಾಢ್ಯರಿಗೆ ತನ್ನ ಕೆಲಸ ನೋಡಿ ಎದೆಗುಂದಲು ಹೇಳುತ್ತಾನೆ. ಅದರ ಬೆನ್ನಿಗೇ, ಬೇರೇನೂ ಉಳಿದಿಲ್ಲ ಎಂಬ ಪುಟ್ಟ ವಾಕ್ಯ. ಗಟ್ಟಿಯಾಗಿ ಓದುವವರು ಇವೆರಡರ ನಡುವೆ ಒಂದು ಉಸಿರು ನಿಲ್ಲಿಸಬೇಕು. ರಾಜನ ಮಾತಿನ ಒಂದಕ್ಷರವೂ ಬದಲಾಗಿಲ್ಲ, ಅರ್ಥ ತಲೆಕೆಳಗಾಗಿದೆ. ಬಲಾಢ್ಯರು ಈಗಲೂ ಎದೆಗುಂದಬೇಕು, ಕಾರಣ ಮಾತ್ರ ಬೇರೆ.

ಇದು ‘ದಿ ಎಕ್ಸಾಮಿನರ್’ ಪತ್ರಿಕೆಯಲ್ಲಿ ಅಚ್ಚಾದದ್ದು 1818ರ ಜನವರಿ 11ರಂದು. ಆಗ ನೆಪೋಲಿಯನ್ ಸೇಂಟ್ ಹೆಲೆನಾ ದ್ವೀಪದಲ್ಲಿ ಇಂಗ್ಲಿಷರ ಸೆರೆಯಲ್ಲಿದ್ದ. ಓದುಗರಿಗೆ ಬಿದ್ದ ಚಕ್ರವರ್ತಿ ಹಳೆಯ ಕಥೆಯಾಗಿರಲಿಲ್ಲ.

ಪಂದ್ಯ ಕಟ್ಟಿಕೊಂಡಂತೆ ಗೆಳೆಯ ಹೊರೇಸ್ ಸ್ಮಿತ್ ಇದೇ ವಸ್ತುವಿನ ಮೇಲೆ ಬರೆದ ಸುನೀತ ಫೆಬ್ರವರಿ 1ರಂದು ಅದೇ ಪತ್ರಿಕೆಯಲ್ಲಿ ಬಂತು. ಸ್ಮಿತ್ ಮುಂದೊಂದು ದಿನದ ಪಾಳುಬಿದ್ದ ಲಂಡನ್ನಿಗೆ ಬೇಟೆಗಾರನನ್ನು ಕರೆತಂದು ಹೋಲಿಕೆಯನ್ನು ಬಿಡಿಸಿ ಹೇಳುತ್ತಾನೆ. ಶೆಲ್ಲಿಯಲ್ಲಿ ಕೊನೆಗೆ ಕಣ್ಣು ಹಾಯುವಷ್ಟು ದೂರ ಮರಳೇ ಮರಳು. ಮೊದಲ ಸಾಲಿನ ‘ನಾನು’ ಏನನ್ನೂ ವಿವರಿಸಲು ಮರಳಿ ಬರುವುದಿಲ್ಲ.